ಒಂದನೇ ನಂಬರು

ಆ ತಿಂಗಳು ಟಿವಿ ರೀಚಾರ್ಜಿನ ಜಗಳ ಆಗಲಿಲ್ಲ. ದೊಡ್ಡಕ್ಕನ ತಲೆಗೆ ಅನುಮಾನದ ಹುಳ ಹೊಕ್ಕಿದ್ದು ಅಲ್ಲಿಂದಲೇ.

ಬೇರೆ ತಿಂಗಳುಗಳಲ್ಲಾದರೆ, 'ನಿಮ್ಮ ಅವಧಿ ಮುಗಿಯುತ್ತಿದೆ' ಎಂಬ ಹಳದಿ ಪಟ್ಟಿ ಪರದೆಯ ಕೆಳಗೆ ಓಡತೊಡಗಿದ ದಿನವೇ ಆ ಮನೆಯಲ್ಲಿ ಮಾತಿಗೆ ಮಾತು ಹತ್ತಿಕೊಳ್ಳುತ್ತಿತ್ತು. "ಯಾರು ನೋಡ್ತಾರೋ ಅವರು ಕಟ್ಲಿ," ಎಂದು ಮನೆಯ ಯಜಮಾನರು ಶುರು ಮಾಡುತ್ತಿದ್ದರು. ಅವರು ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಬೀದಿಯವರಿಗೆಲ್ಲ ಈಗಲೂ ಕಂಡಕ್ಟರೇ. ಲಿಫ್ಟ್ ರಿಪೇರಿ ಕೆಲಸದ ಮಗ, "ನಾನು ಮನೆಗೆ ಬರೋದೇ ನಿದ್ದೆ ಮಾಡೋಕೆ. ಕಣ್ಣು ಮುಚ್ಕೊಂಡು ನೋಡಿದ್ದಕ್ಕೂ ದುಡ್ಡಾ?" ಎನ್ನುತ್ತಿದ್ದ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಸೊಸೆ, "ನನ್ನ ಸೀರಿಯಲ್ಲು ಫೋನಲ್ಲೇ ಬರುತ್ತೆ. ಅದಕ್ಕೆ ನಾನು ಬೇರೆ ಕಟ್ತಿಲ್ವಾ?" ಎಂದು ಕೇಳುತ್ತಿದ್ದಳು. ಸಿನಿಮಾಕ್ಕೊಂದು ಶುಲ್ಕ, ಆಟಕ್ಕೊಂದು, ಜಾಹೀರಾತು ಬೇಡವೆಂದರೆ ಅದಕ್ಕೂ ಒಂದು. ಸ್ವಂತ ಮನೆಯ ಸ್ವಂತ ಕುರ್ಚಿಯಲ್ಲಿ ಕೂರುವುದಕ್ಕೇ ಬಾಡಿಗೆ ಕೊಟ್ಟ ಹಾಗಾಗಿತ್ತು. ದೊಡ್ಡಕ್ಕ ಏನಾದರೂ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರೇ, "ಅವಳಿಗೇನು, ಹಾಕಿದ್ದನ್ನ ನೋಡ್ತಾಳೆ," ಎಂದು ಆ ಮಾತನ್ನು ಅಲ್ಲಿಗೇ ಮುಗಿಸುತ್ತಿದ್ದರು.

ಈ ಸಲ ಹಳದಿ ಪಟ್ಟಿ ಬರಲೇ ಇಲ್ಲ. ಅದರ ಬದಲು, ಇಷ್ಟು ದಿನ ಬೀಗ ಹಾಕಿಕೊಂಡಿದ್ದ ಆಟದ ಚಾನೆಲುಗಳೆಲ್ಲ ತಾವಾಗಿ ತೆರೆದುಕೊಂಡವು.

"ಯಾರು ಕಟ್ಟಿದ್ದು ರೀ?" ಎಂದು ದೊಡ್ಡಕ್ಕ ಕೇಳಿದಳು.

"ನಿನ್ನ ಮಗನೇ ಕಟ್ಟಿರ್ಬೇಕು, ಬಿಡು," ಎಂದರು ಕಂಡಕ್ಟರು.

ಮಗನ ಕೈ ಲಿಫ್ಟಿನ ಹಗ್ಗಕ್ಕಿಂತ ಬಿಗಿ. ಕೇಳದೆ ಕಟ್ಟುವವನಲ್ಲ, ಕಟ್ಟಿದರೆ ಹೇಳದೆ ಇರುವವನೂ ಅಲ್ಲ. ದೊಡ್ಡಕ್ಕ ಹೂಂ ಎಂದಳು, ಆದರೆ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಉಳಿದುಕೊಂಡಿತು.

ಆಕೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ದುಡಿದವಳು. ಹಬೆ ಕಾರುವ ಯಂತ್ರಗಳ ನಡುವೆ ಹಾಸಿಗೆಯ ಬಟ್ಟೆಗಳನ್ನು ಎತ್ತಿ ಇಳಿಸಿ ಬಲಗಡೆಯ ಭುಜ ಹೋಗಿತ್ತು. ಅಲ್ಲಿನ ಹೆಂಗಸರಲ್ಲಿ ಹಿರಿಯಳೆಂದು ಬಂದ ದೊಡ್ಡಕ್ಕ ಎಂಬ ಹೆಸರು ಮಾತ್ರ ಜೊತೆಗೇ ಮನೆಗೆ ಬಂದಿತ್ತು. ಸಾಯಂಕಾಲ ಮೂರನೇ ಮಹಡಿಯ ಆ ಪುಟ್ಟ ಹಾಲಿನಲ್ಲಿ ಕುರ್ಚಿ ಎಳೆದುಕೊಂಡು ಟಿವಿ ಮುಂದೆ ಕೂರುವುದೇ ಆಕೆಯ ವಿಶ್ರಾಂತಿ. ಕೂತವಳು ಸುಮ್ಮನೆ ಕೂರುವವಳಲ್ಲ. ನೋಡಿದ್ದಕ್ಕೆಲ್ಲ ಆಕೆಯ ಅಭಿಪ್ರಾಯ ಇತ್ತು. ಕೇಳುವವರು ಮಾತ್ರ ಇರಲಿಲ್ಲ.

ಹಾಡಿನ ಸ್ಪರ್ಧೆ ಬಂದರೆ, "ಆ ಹುಡುಗಿ ಇನ್ನೂ ಪಲ್ಲವಿ ಮುಗಿಸಿಲ್ಲ, ತೀರ್ಪುಗಾರರು ಆಗ್ಲೇ ಕಣ್ಣು ಒರೆಸ್ಕೊಳ್ತಿದಾರೆ. ಕರವಸ್ತ್ರ ಮನೆಯಿಂದ್ಲೇ ಒದ್ದೆ ಮಾಡ್ಕೊಂಡು ಬರ್ತಾರೇನೋ," ಎನ್ನುವಳು. ಸುದ್ದಿಯ ಚರ್ಚೆ ಬಂದರೆ, "ಎಂಟು ಜನ ಎಂಟು ಕಿಟಕೀಲಿ ನಿಂತು ಕೂಗ್ತಿದಾರೆ. ಲಾಂಡ್ರಿ ಯಂತ್ರದ ಸದ್ದಲ್ಲೂ ನಮಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸ್ತಿತ್ತು." ಹಳೆಯ ಸೇತುವೆಗಳನ್ನು ಹೇಗೆ ಕಟ್ಟಿದರು ಎಂದು ತೋರಿಸುವ ಒಂದು ಕಾರ್ಯಕ್ರಮವಿತ್ತು. ಯಾರೂ ಅಳದ, ಯಾರೂ ಕೂಗದ ಅದೊಂದನ್ನು ಮಾತ್ರ ಆಕೆ ಮಾತಿಲ್ಲದೆ ನೋಡುತ್ತಿದ್ದಳು.

ಆಕೆಗೆ ಮೈ ಉರಿಯುತ್ತಿದ್ದದ್ದು ಸಂಜೆ ಬರುವ ಒಂದು ಧಾರಾವಾಹಿಗೆ. ದೊಡ್ಡ ಬಂಗಲೆಯೊಂದರ ಕಥೆಯಾದ್ದರಿಂದ ಎಲ್ಲರೂ ಅದನ್ನು ಬಂಗಲೆ ಎಂದೇ ಕರೆಯುತ್ತಿದ್ದರು. ಅದರಲ್ಲಿ ಹೆಂಗಸರು ಮೈತುಂಬ ಒಡವೆ ಹಾಕಿಕೊಂಡೇ ಮಲಗುತ್ತಿದ್ದರು. ಒಬ್ಬರ ಲೋಟಕ್ಕೆ ಒಬ್ಬರು ವಿಷ ಬೆರೆಸಿ, ಅದು ಇನ್ನೊಬ್ಬರ ಕೈಗೆ ಹೋಗುವುದರೊಳಗೆ ವಾರ ಕಳೆಯುತ್ತಿತ್ತು. "ಅಷ್ಟು ದೊಡ್ಡ ಮನೇಲಿ ಬಟ್ಟೆ ಒಗೆಯೋರು ಒಬ್ರೂ ಕಾಣಲ್ಲ. ಅದೆಂಥ ಮನೆ?" ಎಂದು ದೊಡ್ಡಕ್ಕ ಗೊಣಗಿದರೆ, ಬಂಗಲೆಯ ಪರಮಭಕ್ತೆಯಾದ ಸೊಸೆ, "ಅತ್ತೆ, ಬಟ್ಟೆ ಒಗೆಯೋದನ್ನ ನೋಡೋಕೆ ಯಾರಾದ್ರೂ ದುಡ್ಡು ಕೊಡ್ತಾರಾ?" ಎಂದು ನಗುತ್ತಿದ್ದಳು.

ಹೀಗಿರುವಾಗ ಆ ವರ್ಷದ ಮೊದಲಲ್ಲಿ ಸರ್ವೆ ಕಂಪನಿಯೊಂದರ ಹುಡುಗಿ ಮನೆಗೆ ಬಂದಿದ್ದಳು. ಯಾವ ಮನೆಯಲ್ಲಿ ಯಾರು ಏನು ನೋಡುತ್ತಾರೆ ಎಂದು ಲೆಕ್ಕವಿಡುವ ಕಂಪನಿ ಅದು. ಟಿವಿ ಪಕ್ಕದಲ್ಲಿ ಸೋಪಿನ ಡಬ್ಬಿಯಷ್ಟು ಪೆಟ್ಟಿಗೆಯೊಂದನ್ನು ಇಟ್ಟು, ಒಂದು ಪುಟ್ಟ ರಿಮೋಟು ಕೊಟ್ಟಳು. ಮನೆಯ ಒಬ್ಬೊಬ್ಬರಿಗೂ ಅದರಲ್ಲಿ ಒಂದೊಂದು ಗುಂಡಿ. ನೋಡಲು ಕೂತಾಗ ಒತ್ತಬೇಕು, ಪೆಟ್ಟಿಗೆಯ ಮೇಲೆ ಅವರ ನಂಬರು ಹಸಿರಾಗಿ ಹೊತ್ತಿಕೊಳ್ಳುತ್ತದೆ. ಎದ್ದು ಹೋಗುವಾಗ ಮತ್ತೆ ಒತ್ತಬೇಕು, ಆರುತ್ತದೆ. ಪೆಟ್ಟಿಗೆ ಇರುವುದನ್ನು ಹೊರಗಿನವರಿಗೆ ಹೇಳಬಾರದು.

ಎದುರಿಗೆ ಕೂತಿದ್ದವಳೆಂದು ಹುಡುಗಿ ದೊಡ್ಡಕ್ಕನಿಗೆ ಒಂದನೇ ನಂಬರು ಕೊಟ್ಟಳು. "ನಿಮಗೆ ಯಾವ ಥರದ ಕಾರ್ಯಕ್ರಮ ಇಷ್ಟ ಅಮ್ಮಾ?" ಎಂದಳು.

"ಅವಳಾ? ಅವಳು ಹಾಕಿದ್ದು..." ಎಂದು ಕಂಡಕ್ಟರು ಬಾಯಿ ಹಾಕಿದರು.

"ಅವರನ್ನೇ ಕೇಳ್ತೀನಿ ಸಾರ್," ಎಂದಳು ಹುಡುಗಿ ನಗುತ್ತಲೇ. "ನಿಮ್ಮದೊಂದು ಮನೆ ಅಂದ್ರೆ ಸಾವಿರಾರು ಮನೆ ಇದ್ದ ಹಾಗೆ ಅಮ್ಮ. ನೀವು ಬೇಡ ಅಂದ್ರೆ ಅಷ್ಟು ಜನ ಬೇಡ ಅಂದ ಹಾಗೆ."

ಆ ಮಾತು ದೊಡ್ಡಕ್ಕನಿಗೆ ಹಿಡಿಸಿಬಿಟ್ಟಿತು. ಅಂದಿನಿಂದ ಆಕೆ ಗುಂಡಿ ಒತ್ತುವುದನ್ನು ಓಟು ಹಾಕಿದಷ್ಟೇ ಗಂಭೀರವಾಗಿ ಮಾಡತೊಡಗಿದಳು. ಜಾಹೀರಾತು ಬಂದು ನೀರು ಕುಡಿಯಲು ಎದ್ದರೂ ಒತ್ತುವಳು, ಮರಳಿ ಕೂತರೂ ಒತ್ತುವಳು. ಬಂಗಲೆ ಶುರುವಾದ ಕೂಡಲೇ ತನ್ನ ನಂಬರನ್ನು ಆರಿಸಿ, ಎದ್ದು ಅಡಿಗೆಮನೆಗೆ ಹೋಗುವಳು. ಆ ಕ್ಷಣ ಆಕೆಯ ಮುಖದಲ್ಲೊಂದು ಗೆಲುವು ಇರುತ್ತಿತ್ತು.

ಭುಜದ ನೋವಿಗೆ ಫಿಸಿಯೋಥೆರಪಿಗೆ ಹೋಗುತ್ತಿದ್ದದ್ದು ಬೆಳಗಿನ ಹೊತ್ತು. ಒಂದು ದಿನ ಕಂಡಕ್ಟರು, "ಕ್ಲಿನಿಕ್‌ನೋರು ಫೋನ್ ಮಾಡಿದ್ರು. ನಿನ್ನ ಟೈಮು ಸಂಜೆಗೆ ಬದಲಾಯಿಸಿದಾರಂತೆ," ಎಂದರು. ಕ್ಲಿನಿಕ್ಕಿನಲ್ಲಿ ಇದ್ದ ನಂಬರು ಅವರದ್ದೇ ಆಗಿತ್ತು. ಸರಿ, ದೊಡ್ಡಕ್ಕ ವಾರದಲ್ಲಿ ಮೂರು ದಿನ ಸಂಜೆ ಹೋಗತೊಡಗಿದಳು. ಅದೇ ಹೊತ್ತಿಗೆ ಕಂಡಕ್ಟರೂ ವಾಕಿಂಗ್ ಎಂದು ಹೊರಡುತ್ತಿದ್ದರು. ಮಗ ಡ್ಯೂಟಿಯಲ್ಲಿ. ಸೊಸೆ ಅಂಗಡಿಯಿಂದ ಬರುವುದು ಒಂದೊಂದು ದಿನ ಒಂದೊಂದು ಹೊತ್ತಿಗೆ.

ರೀಚಾರ್ಜು ತಾನಾಗಿ ಆದ ತಿಂಗಳಲ್ಲೇ ಅದು ನಡೆಯಿತು. ದೊಡ್ಡಕ್ಕ ಕ್ಲಿನಿಕ್ಕಿನಿಂದ ಬಂದು, ತನ್ನ ಕೀಲಿಯಿಂದ ಬಾಗಿಲು ತೆಗೆದರೆ ಖಾಲಿ ಹಾಲಿನಲ್ಲಿ ಟಿವಿ ಓಡುತ್ತಿದೆ. ಬಂಗಲೆಯ ಹಿರಿಯ ಸೊಸೆ ಮೆಟ್ಟಿಲ ಮೇಲೆ ನಿಂತು ಹಲ್ಲು ಕಡಿಯುತ್ತಿದ್ದಾಳೆ. ಪೆಟ್ಟಿಗೆಯ ಮೇಲೆ ಒಂದನೇ ನಂಬರು ಹಸಿರಾಗಿ ಹೊಳೆಯುತ್ತಿದೆ.

ಆಕೆ ಗಡಬಡಿಸಿ ಎಲ್ಲ ಆರಿಸಿದಳು. ಸ್ವಲ್ಪ ಹೊತ್ತಿಗೆ ಕಂಡಕ್ಟರು ಬಂದರು. ವಿಷಯ ಕೇಳಿ, "ನೀನೇ ಆಫ್ ಮಾಡೋದು ಮರ್ತು ಹೋಗಿದೀಯ. ವಯಸ್ಸಾಯ್ತಲ್ಲ," ಎಂದು ಬೂಟು ಬಿಚ್ಚಿದರು.

ವಯಸ್ಸಾಯ್ತಲ್ಲ ಎಂಬ ಮಾತು ದೊಡ್ಡಕ್ಕನನ್ನು ಹಿಡಿದುಕೊಂಡಿತು. ಆಕೆಯ ಅಕ್ಕ ಕೊನೆಗಾಲದಲ್ಲಿ ಒಲೆ ಹಚ್ಚಿ ಮರೆಯುತ್ತಿದ್ದಳು, ಆಮೇಲೆ ಮಕ್ಕಳನ್ನೇ ಮರೆತಳು. ಹಾಗಾದರೆ ತನಗೂ ಶುರುವಾಯಿತೇ? ಆ ವಾರವೆಲ್ಲ ದೊಡ್ಡಕ್ಕ ತನ್ನ ಮೇಲೆ ತಾನೇ ಕಾವಲು ಕೂತಳು. ಗ್ಯಾಸು ಆರಿಸಿ ಎರಡು ಸಲ ಮುಟ್ಟಿ ನೋಡಿದಳು. ಬೀಗ ಹಾಕಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬೀಗ ಜಗ್ಗಿದಳು. ಲಾಂಡ್ರಿಯಲ್ಲಿ ಜೊತೆಗಿದ್ದವರ ಹೆಸರುಗಳನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ಹೇಳಿಕೊಂಡಳು. ಒಂದೂ ತಪ್ಪಲಿಲ್ಲ.

ಮುಂದಿನ ಸಲ ಕ್ಲಿನಿಕ್ಕಿಗೆ ಹೊರಡುವಾಗ ಗೋಡೆಯ ಸ್ವಿಚ್ಚನ್ನೇ ಆರಿಸಿ, ಅದರ ಮೇಲೆ ಬೆರಳಿಟ್ಟು, "ಆರಿಸಿದೀನಿ," ಎಂದು ಗಟ್ಟಿಯಾಗಿ ಹೇಳಿಕೊಂಡಳು. ಮರಳಿ ಬಂದಾಗ ಟಿವಿ ಆಫ್ ಆಗಿಯೇ ಇತ್ತು. ನಿಟ್ಟುಸಿರು ಬಿಟ್ಟು, ಏನೋ ಹೊಳೆದು, ಅದರ ಬೆನ್ನಿಗೆ ಅಂಗೈ ಇಟ್ಟಳು. ಬೆಚ್ಚಗಿತ್ತು. ಆಗಷ್ಟೇ ಇಸ್ತ್ರಿಯಿಂದ ಇಳಿಸಿದ ಬಟ್ಟೆಯ ಬಿಸಿ.

ತನಗೆ ಮರೆವಿಲ್ಲ. ಇದು ಬೇರೆ ಯಾರದ್ದೋ ಕೈ.

ಸಮಾಧಾನ ಎಷ್ಟಾಯಿತೋ ಸಿಟ್ಟೂ ಅಷ್ಟೇ ಬಂತು. ಯಾರು? ಕಂಡಕ್ಟರು ವಾಕಿಂಗಿನಲ್ಲಿ, ಮಗ ಡ್ಯೂಟಿಯಲ್ಲಿ. ಬಂಗಲೆಯ ಹುಚ್ಚು ಇರುವುದು ಒಬ್ಬಳಿಗೇ. ಆ ದಿನ ಬಾಗಿಲ ಹೊರಗೆ ಸೊಸೆಯ ಚಪ್ಪಲಿ ಇತ್ತು. ಒಳಗೆ ಆಕೆ ಮುಖ ತೊಳೆಯುತ್ತಿದ್ದಳು. ದೊಡ್ಡಕ್ಕನ ಮನಸ್ಸು ಲೆಕ್ಕ ಕೂಡಿಸತೊಡಗಿತು. ಫೋನಿನಲ್ಲಿ ನೋಡಲು ಬೇರೆ ಕಟ್ಟುತ್ತೇನೆ ಎನ್ನುತ್ತಿದ್ದವಳು ಆ ಖರ್ಚು ಉಳಿಸಲು ಇಲ್ಲಿ ನೋಡುತ್ತಿರಬಹುದು. ತನ್ನ ನಾಲ್ಕನೇ ನಂಬರು ಒತ್ತಿದರೆ ಸಿಕ್ಕಿಬೀಳುತ್ತೇನೆಂದು ಅತ್ತೆಯದನ್ನು ಒತ್ತುತ್ತಿರಬಹುದು. ಇಲ್ಲದಿದ್ದರೆ ಅತ್ತೆಯನ್ನು ಅಣಕಿಸಲಿಕ್ಕೇ ಮಾಡುತ್ತಿರಬಹುದು. ಅನುಮಾನ ಒಮ್ಮೆ ಒಳಗೆ ಬಂದರೆ ಸೊಸೆ ತಟ್ಟೆ ಇಡುವ ಸದ್ದಿನಲ್ಲೂ ಅರ್ಥ ಕಾಣುತ್ತದೆ. ಆಕೆ ಫೋನು ಹಿಡಿದು ಬಾಲ್ಕನಿಗೆ ಹೋದರೆ ಯಾರ ಹತ್ತಿರ ಮಾತು, ಟಿವಿ ಕಡೆ ನೋಡಿ ನಕ್ಕರೆ ಯಾಕೆ ನಗು ಎಂದಾಯಿತು. ವಾರದೊಳಗೆ ಅತ್ತೆ ಸೊಸೆಯ ನಡುವೆ 'ಊಟ ಆಯ್ತಾ' 'ಆಯ್ತು' ಎಂಬಷ್ಟೇ ಮಾತು ಉಳಿಯಿತು.

ಒಂದು ರಜಾದಿನ ಮಧ್ಯಾಹ್ನ ಸೊಸೆ ತರಕಾರಿ ಹೆಚ್ಚುತ್ತಿದ್ದಾಗ ದೊಡ್ಡಕ್ಕನಿಗೆ ತಡೆಯಲಾಗಲಿಲ್ಲ.

"ಬಂಗಲೇಲಿ ನಿನ್ನೆ ಏನಾಯ್ತಮ್ಮ?"

ಸೊಸೆ ಕಣ್ಣರಳಿಸಿದಳು. "ನಿಮಗೆ ಗೊತ್ತಿಲ್ವಾ ಅತ್ತೆ?"

"ನನಗೆ ಹೇಗೆ ಗೊತ್ತಾಗುತ್ತೆ? ನನ್ನ ನಂಬರು ಒತ್ತಿ ನೋಡೋರಿಗೆ ಗೊತ್ತಿರುತ್ತೆ."

"ಅಂದ್ರೆ?"

"ನೋಡೋದಿದ್ರೆ ಎದುರಿಗೇ ನೋಡು. ನಿನ್ನ ನಂಬರು ಒತ್ಕೊಂಡು ನೋಡು. ನಾನು ಬೇಡ ಅಂತೀನಾ? ನನ್ನ ಹೆಸರು ಯಾಕೆ ಕೆಡಿಸ್ತೀಯ?"

ಸೊಸೆಯ ಕೈಯಲ್ಲಿದ್ದ ಚಾಕು ನಿಂತಿತು. "ಅತ್ತೆ, ನಾನು ಆ ಟಿವಿ ಮುಟ್ಟಿ ಎಷ್ಟು ದಿನ ಆಯ್ತು ಗೊತ್ತಾ? ಆವತ್ತೊಂದಿನ ಬೇಗ ಬಂದೆ. ಬಂಗಲೆ ಓಡ್ತಿತ್ತು, ನಿಮ್ಮ ನಂಬರು ಇತ್ತು. ನೀವು ಬಾತ್‌ರೂಮಲ್ಲಿ ಇದೀರಿ ಅಂದ್ಕೊಂಡು ನಾನೇ ಆಫ್ ಮಾಡಿದೆ. ನೀವು ಎಲ್ಲರ ಮುಂದೆ ಬೈತೀರಿ, ಯಾರೂ ಇಲ್ಲದಾಗ ಗುಟ್ಟಾಗಿ ನೋಡ್ತೀರಿ ಅಂತ ನಾನೂ ನಿಮ್ಮ ಮಗನೂ ನಗ್ತಿದ್ವಿ."

"ನಗ್ತಿದ್ರಾ?"

"ತಪ್ಪು ತಿಳ್ಕೊಂಡಲ್ಲ ಅತ್ತೆ. ಪಾಪ, ನಾಚಿಕೆ ಇರ್ಬೇಕು ಅಂತ ಸುಮ್ಮನಿದ್ವಿ. ರೀಚಾರ್ಜನ್ನೂ ನೀವೇ ಪಿಂಚಣಿಯಿಂದ ಕಟ್ತಿದೀರಿ ಅಂತ ಮಾವ ಹೇಳಿದ್ರಲ್ಲ."

ದೊಡ್ಡಕ್ಕ ಅವಳ ಮುಖವನ್ನೇ ನೋಡಿದಳು. "ನನಗೆ ಮಗ ಕಟ್ತಿದಾನೆ ಅಂದ್ರು."

"ನಿಮ್ಮ ಮಗ ಒಂದು ಪೈಸೆ ಕಟ್ಟಿಲ್ಲ," ಎಂದಳು ಸೊಸೆ. ಅವಳ ಕಣ್ಣು ತುಂಬಿತ್ತು. "ಇಷ್ಟು ದಿನ ನನ್ನ ಮೇಲೆ ಅನುಮಾನ ಇಟ್ಕೊಂಡು ಮಾತು ಬಿಟ್ರಾ? ಕೇಳ್ಬೋದಿತ್ತಲ್ಲ ಅತ್ತೆ."

ಸೊಸೆ ಹೇಳುವುದು ನಿಜವಿದ್ದರೆ ಉಳಿಯುವುದು ಒಬ್ಬರೇ. ಅಷ್ಟು ವರ್ಷ ಚರ್ಮದ ಚೀಲ ಹೆಗಲಿಗೆ ಹಾಕಿಕೊಂಡು, ಬೇರೆಯವರ ಒಂದು ಚಿಲ್ಲರೆಗೂ ಆಸೆ ಪಡದ ಮನುಷ್ಯನ ಮೇಲೆ ಅನುಮಾನ ಪಡಲು ಆಕೆಗೆ ಮನಸ್ಸು ಬರಲಿಲ್ಲ. ಸೊಸೆಯ ಮೇಲಾದರೆ ಎಷ್ಟು ಸುಲಭವಾಗಿ ಬಂದಿತ್ತು! ಅದನ್ನು ನೆನೆದು ಒಳಗೊಳಗೇ ಕುಗ್ಗಿದಳು. ಆದರೂ ಸೊಸೆಯ ಮಾತನ್ನು ಪೂರ್ತಿ ನಂಬಲೂ ಇಲ್ಲ. ಕ್ಲಿನಿಕ್ಕಿನ ಹೊತ್ತನ್ನು ಬೆಳಗ್ಗೆಗೆ ಬದಲಾಯಿಸಿಕೊಂಡು, ಸಂಜೆ ಮನೆಯಲ್ಲೇ ಇದ್ದು ಕಣ್ಣಾರೆ ನೋಡಬೇಕೆಂದು ನಿರ್ಧರಿಸಿದಳು.

ಮಾರನೆಯ ಸಂಜೆ ಕ್ಲಿನಿಕ್ಕಿನ ಕೌಂಟರಿನಲ್ಲಿದ್ದ ಹೆಂಗಸಿಗೆ ಅದನ್ನೇ ಕೇಳಿದಳು.

"ಮತ್ತೆ ಬೆಳಗ್ಗೆಗಾ?" ಎಂದು ಆಕೆ ಕನ್ನಡಕದ ಮೇಲಿಂದ ನೋಡಿದಳು. "ಮೊದಲು ಬೆಳಗ್ಗೇನೇ ಇತ್ತಲ್ಲಮ್ಮ. ನೀವೇ ಸಂಜೆ ಬೇಕು ಅಂದ್ರಿ."

"ನಾನಾ? ನೀವೇ ಬದಲಾಯಿಸಿದ್ದಲ್ವಾ?"

"ನಾವ್ಯಾಕೆ ಬದಲಾಯಿಸ್ತೀವಿ? ಸಂಜೆ ಇಲ್ಲಿ ಕಾಲಿಡೋಕೆ ಜಾಗ ಇರಲ್ಲ. ನಿಮ್ಮ ಯಜಮಾನ್ರು ಫೋನ್ ಮಾಡಿದ್ರು. ಅವಳಿಗೆ ಸಂಜೇನೇ ಅನುಕೂಲ, ಅವಳೇ ಹೇಳ್ತಿದಾಳೆ ಅಂದ್ರು. ಎರಡೆರಡು ಸಲ ಕೇಳ್ಕೊಂಡ್ರು ಅಂತ ಹೇಗೋ ಹೊಂದಿಸಿಕೊಟ್ಟೆ."

ದೊಡ್ಡಕ್ಕ ಚಿಕಿತ್ಸೆಗೆ ಕೂರದೆ ತಿರುಗಿ ನಡೆದಳು. ಬಟ್ಟೆ ಅಂಗಡಿಯ ದೀಪ, ಸೈಕಲ್ ರಿಪೇರಿಯವನ ಎಣ್ಣೆ ವಾಸನೆ, ಎದುರು ಬಂದವರ ಹೆಗಲು, ಯಾವುದೂ ಆಕೆಯ ಗಮನಕ್ಕೆ ಬರಲಿಲ್ಲ. ಮೂರು ಮಹಡಿಯ ಮೆಟ್ಟಿಲನ್ನು ಎಲ್ಲೂ ನಿಲ್ಲದೆ ಹತ್ತಿದಳು. ಕೀಲಿ ತಿರುಗಿಸುವಾಗ ಸದ್ದಾಗದಂತೆ ನೋಡಿಕೊಂಡಳು. ತನ್ನ ಮನೆಗೆ ತಾನೇ ಕಳ್ಳಿಯ ಹಾಗೆ ಬಂದಿದ್ದು ಅದೇ ಮೊದಲು.

ಬಂಗಲೆಯ ಶುರುವಿನ ಹಾಡು ಬರುತ್ತಿತ್ತು. ಕಂಡಕ್ಟರು ಬೂಟು ಹಾಕಿಕೊಂಡು, ಹೊರಗೆ ಹೊರಡುವ ಅಂಗಿಯಲ್ಲಿ, ಟಿವಿಗೆ ಬೆನ್ನು ತಿರುಗಿಸಲು ಸಿದ್ಧರಾಗಿ ನಿಂತಿದ್ದರು. ಕೈಯಲ್ಲಿ ಆ ಪುಟ್ಟ ರಿಮೋಟು. ಹೆಬ್ಬೆರಳು ಒಮ್ಮೆ ಒತ್ತಿತು. ಒಂದನೇ ನಂಬರು ಹಸಿರಾಗಿ ಹೊತ್ತಿಕೊಂಡಿತು.

"ನಾನು ಇಲ್ಲಿದೀನಿ," ಎಂದಳು ದೊಡ್ಡಕ್ಕ ಬಾಗಿಲಿನಿಂದ. "ಅಲ್ಲಿ ಯಾರು ಕೂತಿರೋದು?"

ಕಂಡಕ್ಟರು ಬೆಚ್ಚಿಬಿದ್ದರು. ರಿಮೋಟನ್ನು ಜೇಬಿಗೆ ಹಾಕಲು ಹೋಗಿ, ಹಾಕಲಾರದೆ, ಮೇಜಿನ ಮೇಲಿಟ್ಟರು.

"ಇಷ್ಟು ಬೇಗ ಬಂದ್ಯಾ? ಭುಜ ಹೇಗಿದೆ?"

"ಭುಜದ ಮಾತು ಆಮೇಲೆ. ಇದೇನು ಹೇಳಿ."

ಅವರು ಮೊದಲು ರೇಗಿದರು. ಏನು ಮಹಾ, ಒಂದು ಗುಂಡಿ, ಅದಕ್ಕೆ ಪೊಲೀಸಿನವರ ಹಾಗೆ ಬಾಗಿಲಲ್ಲಿ ನಿಂತು ಕೇಳಬೇಕಾ ಎಂದರು. ಆಕೆ ಬಾಗಿಲು ಬಿಟ್ಟು ಕದಲಲಿಲ್ಲ. ಕೊನೆಗೆ ಕುರ್ಚಿಯ ತುದಿಯಲ್ಲಿ ಕೂತು ಬಾಯಿ ಬಿಟ್ಟರು. ಬಸ್ ಡಿಪೋ ಹತ್ತಿರದ ಚಹದ ಅಂಗಡಿಯಲ್ಲಿ ಹಳೆಯ ಗೆಳೆಯರ ಮುಂದೆ, ನಮ್ಮದೊಂದು ಮನೆ ಅಂದರೆ ಸಾವಿರ ಮನೆ ಇದ್ದ ಹಾಗೆ ಎಂದು ಅವರೇ ಜಂಬ ಕೊಚ್ಚಿಕೊಂಡಿದ್ದರು. ನಾಲ್ಕು ದಿನ ಬಿಟ್ಟು ಗರಿಗರಿ ಅಂಗಿಯ ಒಬ್ಬ ಮನುಷ್ಯ ಅವರ ಪಕ್ಕ ಬಂದು ಕೂತ. ಸಂಜೆ ಬಂಗಲೆಯ ಹೊತ್ತಿಗೆ ಟಿವಿ ಓಡುತ್ತಿದ್ದರೆ ಸಾಕು, ನೋಡಬೇಕೆಂದೂ ಇಲ್ಲ, ಆಟದ ಚಾನೆಲು ಸೇರಿ ವರ್ಷವಿಡೀ ತಿಂಗಳು ತಿಂಗಳಿನ ರೀಚಾರ್ಜು ಅವನದು ಎಂದ.

"ನಿಮ್ಮ ನಂಬರು ಒತ್ಬೇಕಿತ್ತು. ನನ್ನದು ಯಾಕೆ?"

ಕಂಡಕ್ಟರು ನೆಲ ನೋಡಿದರು. "ಅವನು ಕೇಳಿದ್ದೇ ನಿನ್ನದು. ಆ ವಯಸ್ಸಿನ ಹೆಂಗಸರು ನೋಡ್ತಾರೆ ಅಂತ ತೋರಿಸ್ಬೇಕಂತೆ. ನಿನಗೇನು ನಷ್ಟ ಆಯ್ತು ಹೇಳು? ಮನೆ ಖರ್ಚು ಉಳೀತು. ಮ್ಯಾಚೂ ಬಂತು."

"ಮ್ಯಾಚು ಬರೋದೂ ಇದೇ ಹೊತ್ತಿಗೆ ಅಲ್ವಾ? ಟಿವೀಲಿ ಇದು ಓಡ್ತಿದ್ರೆ ನೀವು ಅದನ್ನ ಎಲ್ಲಿ ನೋಡ್ತೀರಿ?"

"ಚಹದ ಅಂಗಡೀಲಿ," ಎಂದರು ಕಂಡಕ್ಟರು.

ಬೇರೆ ದಿನವಾಗಿದ್ದರೆ ದೊಡ್ಡಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಂದು ನಗು ಬರಲಿಲ್ಲ.

"ನನಗೆ ಮರೆವು ಅಂದ್ರಿ," ಎಂದಳು. "ಅಕ್ಕನ ಥರ ಆಗ್ತೀನೇನೋ ಅಂತ ನಾನು ಗ್ಯಾಸು ಮುಟ್ಟಿ ಮುಟ್ಟಿ ನೋಡಿದೀನಿ. ಪಾಪದ ಹುಡುಗಿ ಮೇಲೆ ಇಲ್ಲದ್ದೆಲ್ಲ ಹೊರಿಸಿದೀನಿ. ಗೊತ್ತಿದ್ದೂ ಸುಮ್ಮನೆ ಕೂತಿದ್ರಲ್ಲ ನೀವು! ದುಡ್ಡು ಉಳೀತಂತೆ. ಒಬ್ಬರು, ಜೀವಮಾನದಲ್ಲಿ ಒಬ್ಬರು, ನಿನಗೇನಿಷ್ಟ ಅಂತ ನನ್ನನ್ನ ಕೇಳಿದ್ರು. ಅದಕ್ಕೂ ನೀವೇ ಉತ್ತರ ಕೊಟ್ಟುಬಿಟ್ರಿ."

ಪರದೆಯ ಮೇಲೆ ಯಾರೋ ಯಾರಿಗೋ ಹಾಲಿನ ಲೋಟ ಕೊಡುತ್ತಿದ್ದರು. ದೊಡ್ಡಕ್ಕ ಮುಂದೆ ಬಂದು ತನ್ನ ನಂಬರನ್ನು ಆರಿಸಿದಳು. ಆಮೇಲೆ ಟಿವಿಯನ್ನೂ ಆರಿಸಿದಳು.

ಸೊಸೆ ಬಂದಾಗ ದೊಡ್ಡಕ್ಕ ಬಾಗಿಲಲ್ಲೇ ಅವಳ ಕೈ ಹಿಡಿದುಕೊಂಡಳು. "ತಪ್ಪಾಯ್ತಮ್ಮ," ಎಂದಳು. ಸೊಸೆ ಮುಖ ತಿರುಗಿಸಿಕೊಂಡೇ ಎಲ್ಲ ಕೇಳಿಸಿಕೊಂಡಳು. ಪೂರ್ತಿ ಕರಗಲಿಲ್ಲ, ಆದರೆ ಕೈ ಬಿಡಿಸಿಕೊಳ್ಳಲೂ ಇಲ್ಲ.

ಸರ್ವೆ ಹುಡುಗಿಗೆ ಫೋನ್ ಮಾಡಿ ಹೇಳಿಬಿಡುತ್ತೇನೆ ಎಂದು ದೊಡ್ಡಕ್ಕ ಅಂದಾಗ ಮಗ ತಲೆ ಚಚ್ಚಿಕೊಂಡ. "ಯಾಕಮ್ಮಾ ಸುಮ್ಮನೆ ಇರಲಾರದೆ ಇರುವೆ ಬಿಟ್ಕೊಳ್ತೀಯ? ಇವತ್ತಿಂದ ನಿಲ್ಲಿಸಿದ್ರಾಯ್ತು. ಹೇಳಿದ್ರೆ ಪೆಟ್ಟಿಗೆ ಕಿತ್ಕೊಂಡು ಹೋಗ್ತಾರೆ."

"ಹೋಗ್ಲಿ. ನಾನು ನೋಡದೆ ಇರೋದನ್ನ ನೋಡಿದೀನಿ ಅಂತ ಅಲ್ಲಿ ಬರೆದಿದೆ. ಅದನ್ನ ಅಳಿಸ್ಬೇಕು."

ಎರಡು ದಿನದಲ್ಲಿ ಹುಡುಗಿ ಬಂದಳು. ಜೊತೆಗೆ ಅವಳ ಮೇಲಧಿಕಾರಿ, ಯಾರನ್ನೂ ನಂಬದ ಮುಖದ ಒಬ್ಬ ದಪ್ಪ ಮನುಷ್ಯ. ಬಂದವನೇ ಕುರ್ಚಿಯ ಹಿಂದೆ, ಟಿವಿಯ ಹಿಂದೆ ಬಗ್ಗಿ ನೋಡಿದ. ಮನೆಯವರೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಗರಿಗರಿ ಅಂಗಿಯವನ ಬಗ್ಗೆ ಕಂಡಕ್ಟರನ್ನು ಮೂರು ರೀತಿಯಲ್ಲಿ ಕೇಳಿದ. ಹೆಸರು ಗೊತ್ತಿಲ್ಲ, ಫೋನು ಅವನೇ ಮಾಡುತ್ತಿದ್ದ ಎಂದಷ್ಟೇ ಕಂಡಕ್ಟರಿಗೆ ಹೇಳಲು ಬಂತು. ಅವನು ಯಾರ ಕಡೆಯವನೆಂದು ಕೊನೆಗೂ ಯಾರಿಗೂ ತಿಳಿಯಲಿಲ್ಲ.

"ನಿಮ್ಮ ಮನೆ ಮೇಲೆ ನಮಗೆ ಮೊದಲೇ ಅನುಮಾನ ಇತ್ತು," ಎಂದ ಅಧಿಕಾರಿ.

ದೊಡ್ಡಕ್ಕನಿಗೆ ಅವಮಾನವಾಯಿತು. "ನನ್ನ ಮೇಲಾ?"

ಹುಡುಗಿ ನಡುವೆ ಬಂದಳು. "ನಿಮ್ಮ ಮೇಲಲ್ಲ ಅಮ್ಮ. ನಿಮ್ಮ ನಂಬರು ನನಗೆ ಚೆನ್ನಾಗಿ ಪರಿಚಯ. ಜಾಹೀರಾತು ಬಂದ್ರೆ ಎದ್ದು ಹೋಗ್ತಿದ್ರಿ, ಚರ್ಚೆ ಬಂದ್ರೆ ಐದು ನಿಮಿಷಕ್ಕೆ ಬೇಜಾರಾಗ್ತಿತ್ತು, ಸೇತುವೆ ಕಾರ್ಯಕ್ರಮದಲ್ಲಿ ಮಾತ್ರ ಅಲ್ಲಾಡ್ತಿರಲಿಲ್ಲ. ಬಂಗಲೆ ಶುರುವಾದ್ರೆ ಮಾಯ. ಇದ್ದಕ್ಕಿದ್ದ ಹಾಗೆ ಅದೇ ನಂಬರು, ವಾರಕ್ಕೆ ಮೂರು ಸಂಜೆ, ನೀರು ಕುಡಿಯೋಕೂ ಏಳದೆ ಕಲ್ಲಿನ ಹಾಗೆ ಕೂತಿರುತ್ತೆ. ಇದು ಆ ಅಮ್ಮ ಅಲ್ಲ ಅಂತ ನಾನು ಆಫೀಸಲ್ಲಿ ಹೇಳಿದ್ದೆ."

ದೊಡ್ಡಕ್ಕ ಅವಳನ್ನೇ ನೋಡಿದಳು. ಎಲ್ಲೋ ಒಂದು ಆಫೀಸಿನಲ್ಲಿ, ತನ್ನ ಮುಖವನ್ನೂ ಸರಿಯಾಗಿ ಕಾಣದವರು ತಾನು ಏಳುವುದನ್ನೂ ಕೂರುವುದನ್ನೂ ಗುರುತು ಹಿಡಿದಿದ್ದರು. ಅದು ಹಿತವೆನಿಸಿತು. ಒಂದಿಷ್ಟು ಹೆದರಿಕೆಯೂ ಆಯಿತು. ಯಾವುದು ಹೆಚ್ಚೆಂದು ಆಕೆಗೇ ತಿಳಿಯಲಿಲ್ಲ.

"ಆ ಸುಳ್ಳು ಲೆಕ್ಕ ತೆಗೀತೀರಾ?" ಎಂದು ಕೇಳಿದಳು.

"ತೆಗೀತೀವಿ. ಆದ್ರೆ ಪೆಟ್ಟಿಗೆ ಇಡೋಕಾಗಲ್ಲ ಅಮ್ಮ. ಹೊರಗೆ ಗೊತ್ತಾದ ಮನೇಲಿ ಇಡೋ ಹಾಗಿಲ್ಲ."

ಹುಡುಗಿ ತಂತಿ ಬಿಚ್ಚಿ, ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡಳು. ಟಿವಿ ಪಕ್ಕದಲ್ಲಿ ಧೂಳಿಲ್ಲದ ಚೌಕವೊಂದು ಉಳಿಯಿತು. ದೊಡ್ಡಕ್ಕ ಅದನ್ನು ಬಟ್ಟೆಯಿಂದ ಒರೆಸಿದಳು.

ತಿಂಗಳು ತುಂಬುತ್ತಲೇ ಹಳದಿ ಪಟ್ಟಿ ಓಡಿತು, ಮತ್ತೆರಡು ದಿನಕ್ಕೆ ಪರದೆ ಕಪ್ಪಾಯಿತು. ಗರಿಗರಿ ಅಂಗಿಯವನು ಕೈ ತೊಳೆದುಕೊಂಡಿದ್ದ. ಮನೆ ಇದ್ದಕ್ಕಿದ್ದಂತೆ ದೊಡ್ಡದಾದಂತೆ, ಎಲ್ಲರ ಹೆಜ್ಜೆಯೂ ಕೇಳಿಸುವಂತೆ ಆಯಿತು. ಕಂಡಕ್ಟರು ಹೆಚ್ಚು ಮಾತಾಡುತ್ತಿರಲಿಲ್ಲ. ಅವರು ಫೋನು ಹಿಡಿದರೆ ದೊಡ್ಡಕ್ಕನ ಕಿವಿ ನೆಟ್ಟಗಾಗುತ್ತಿತ್ತು. ವಾಕಿಂಗ್ ಎಂದರೆ, "ಎಲ್ಲಿಗೆ? ಯಾರ ಜೊತೆ?" ಎಂದು ಕೇಳುತ್ತಿದ್ದಳು. ಕ್ಲಿನಿಕ್ಕಿಗೆ ಹೋಗಿ ಅವರ ನಂಬರು ತೆಗೆಸಿ ತನ್ನದನ್ನು ಬರೆಸಿ ಬಂದಳು. ಬ್ಯಾಂಕಿಗೂ ಹೋಗಿ ತನ್ನ ಹೆಸರಿನಲ್ಲಿ ಏನೇನಿದೆ ಎಂದು ಕೇಳಿ ಬಂದಳು. ಅಲ್ಲೆಲ್ಲ ಸರಿಯಾಗಿಯೇ ಇತ್ತು. ಆದರೂ ಒಮ್ಮೆ ಮುರಿದ ನಂಬಿಕೆ ಬೇಗ ಕೂಡುವಂಥದ್ದಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಒಂದು ಬೆಳಗ್ಗೆ ಎಲ್ಲರೂ ಮನೆಯಲ್ಲಿರುವಾಗ ಕಂಡಕ್ಟರ ಫೋನು ರಿಂಗಾಯಿತು. ಅವರು ಸ್ವಲ್ಪ ಕೇಳಿಸಿಕೊಂಡು, ಫೋನನ್ನು ದೊಡ್ಡಕ್ಕನ ಕಡೆ ಚಾಚಿದರು.

"ಟಿವಿ ಕಂಪನಿಯೋರು. ಯಾವ ಯಾವ ಚಾನೆಲ್ ಬೇಕು ಅಂತ. ನಿನ್ನನ್ನೇ ಕೇಳ್ತಿದಾರೆ."

"ನನ್ನನ್ನೇ ಕೇಳಿದ್ರಾ? ನಿಜ ಹೇಳಿ."

"ತಗೋ ಅಂದ್ನಲ್ಲ."

ದೊಡ್ಡಕ್ಕ ಫೋನು ಕಿವಿಗಿಟ್ಟಳು. ಆ ಕಡೆಯಿಂದ, "ಸಾರ್, ಲೈನಲ್ಲಿದೀರಾ ಸಾರ್? ಸಾರ್?" ಎಂದು ಯಾರೋ ಕರೆಯುತ್ತಿದ್ದರು. ಆಕೆ ಗಂಡನ ಕಡೆ ನೋಡಿದಳು. ಅವರು ಬಾಲ್ಕನಿಯ ಕಡೆ ಮುಖ ಮಾಡಿ, ಅಲ್ಲೇನೋ ಬಹಳ ಮುಖ್ಯವಾದದ್ದು ಇದ್ದ ಹಾಗೆ ನಿಂತಿದ್ದರು. ಇದೂ ಒಂದು ಸುಳ್ಳೇ. ಆಕೆ ಅದನ್ನು ಹಿಡಿಯಲು ಹೋಗಲಿಲ್ಲ.

"ನಾನು ಮನೆಯವರು ಮಾತಾಡ್ತಿರೋದು. ಒಂದೊಂದಾಗಿ ಹೇಳಿ," ಎಂದು ಕುರ್ಚಿ ಎಳೆದುಕೊಂಡಳು.

ಆಮೇಲೆ ಆ ಕಡೆಯವನಿಗೆ ಪುರಸೊತ್ತು ಸಿಗಲಿಲ್ಲ. ಸುದ್ದಿ ಚಾನೆಲು ಯಾಕೆ ಇಷ್ಟೊಂದು, ಕೂಗದೇ ಇರುವುದು ಒಂದಾದರೂ ಇದೆಯಾ? ಒಂದು ಬೇಕೆಂದರೆ ಜೊತೆಗೆ ಒಂಬತ್ತು ಯಾಕೆ ಕಟ್ಟುತ್ತೀರಿ? ಸೇತುವೆ ಕಾರ್ಯಕ್ರಮ ಬರುವುದು ಯಾವುದರಲ್ಲಿ, ಅದೊಂದಕ್ಕೇ ಎಷ್ಟು? ಹಾಡಿನದು ಬೇಡ. ಬಂಗಲೆ ಬರುವ ಚಾನೆಲು ಎಂದಾಗ ಸೊಸೆಯ ಕಡೆ ನೋಡಿ, "ಫೋನಲ್ಲಿ ಕಣ್ಣು ಹಾಳು ಮಾಡ್ಕೋಬೇಡ, ಇಲ್ಲೇ ನೋಡ್ತೀಯಾ?" ಎಂದು ಕೇಳಿದಳು. ಸೊಸೆ ಒಂದು ಕ್ಷಣ ಅತ್ತೆಯ ಮುಖ ಓದಿ, "ಹೂಂ ಅತ್ತೆ. ಅದರ ದುಡ್ಡು ನಾನು ಕೊಡ್ತೀನಿ," ಎಂದಳು. ಬಂಗಲೆ ಉಳಿಯಿತು.

"ಆಟದ ಚಾನೆಲುಗಳು ಬೇಕಾ ಮೇಡಂ?" ಎಂದ ಆ ಕಡೆಯವನು. "ಅದೇ ಸ್ವಲ್ಪ ಜಾಸ್ತಿ ಆಗೋದು."

ದೊಡ್ಡಕ್ಕ ಫೋನನ್ನು ಕಿವಿಯಿಂದ ಇಳಿಸಿ ಗಂಡನ ಕಡೆ ಚಾಚಿದಳು. "ಆಟದ್ದು ಕೇಳ್ತಿದಾರೆ. ನೀವೇ ಹೇಳಿ."

ಕಂಡಕ್ಟರು ಫೋನು ಹಿಡಿದುಕೊಂಡರು. ನಾಚಿಕೆಗೆ ಬೇಡ ಎನ್ನುತ್ತಾರೆ, ಆಮೇಲೆ ಚಹದ ಅಂಗಡಿಯಲ್ಲಿ ಹೋಗಿ ಕೂರುತ್ತಾರೆ ಎಂದು ದೊಡ್ಡಕ್ಕನಿಗೆ ಅನುಮಾನವಿತ್ತು. ಅವರು ಹೆಂಡತಿಯ ಮುಖ ನೋಡಿದರು.

"ಬೇಕು," ಎಂದರು, ಮೆಲ್ಲಗೆ.